ಮಾಗಿಯ ಬೆಳಗು, ಮರಗಟ್ಟುವ ಬೆರಳು: ಎಲೆಕ್ಟ್ರಿಕ್ ಸ್ಕೂಟರಿಗೆ ಹೀಟೆಡ್ ಗ್ರಿಪ್ ಹಾಕಿಸುವವರಿಗೆ

ಡಿಸೆಂಬರ್ ಹಿಡಿಯಿತೆಂದರೆ ನನ್ನ ದಿನ ಕತ್ತಲಲ್ಲೇ ಆರಂಭವಾಗುತ್ತದೆ. ಆಲ್ದೂರಿನ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಅರೇಬಿಕಾ ಕೊಯ್ಲಿನ ದಿನಗಳಲ್ಲಿ ಹಾಜರಿ ಕರೆಯುವ ಹೊತ್ತಿಗೆ ಅಲ್ಲಿರಬೇಕಾದ್ದರಿಂದ ಆರೂಕಾಲಿಗೆಲ್ಲ ಚಿಕ್ಕಮಗಳೂರು ಬಿಟ್ಟು ಮೂಡಿಗೆರೆ ರಸ್ತೆ ಹಿಡಿಯುತ್ತೇನೆ. ಸುಮಾರು 20 ಕಿ.ಮೀ. ದಾರಿ, ವಾಹನ ಎಲೆಕ್ಟ್ರಿಕ್ ಸ್ಕೂಟರ್. ಬಚ್ಚಲ ಒಲೆಯ ಮುಂದೆ ಕೈ ಕಾಯಿಸಿಕೊಂಡು ಹೊರಟರೂ ಊರು ದಾಟುವಷ್ಟರಲ್ಲಿ ಆ ಬಿಸಿಯೆಲ್ಲ ಗಾಳಿಗೆ ಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಧನುರ್ಮಾಸದ ಒಂದು ಬೆಳಿಗ್ಗೆ ತಿರುವಿನಾಚೆ, ರಸ್ತೆಯ ನಡುವೆಯೇ ದನವೊಂದು ನಿಂತಿತ್ತು. ಕಂಡ ಕೂಡಲೇ ಬ್ರೇಕ್ ಹಿಡಿಯಲು ಹೋದೆ. ಮರಗಟ್ಟಿದ್ದ ಬೆರಳುಗಳು ಗ್ರಿಪ್ ಬಿಟ್ಟು ಲಿವರಿನ ಮೇಲೆ ಬರಲು ತಡಮಾಡಿದವು. ದನದ ಬಾಲ ಕನ್ನಡಿಗೆ ತಗುಲುವಷ್ಟು ಹತ್ತಿರದಲ್ಲಿ ಹಾದುಹೋದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿ ಒಂದು ಸೆಕೆಂಡಿಗೆ 11 ಮೀಟರ್ ಮುಂದೆ ಹೋಗುತ್ತದೆ. ಬೆರಳು ಅರ್ಧ ಸೆಕೆಂಡ್ ತಡಮಾಡಿದರೆ ಸ್ಕೂಟರ್ ಅಷ್ಟರಲ್ಲಿ ತನ್ನ ಉದ್ದದ ಮೂರರಷ್ಟು ದೂರ ಸಾಗಿರುತ್ತದೆ. ಅಂದಿನಿಂದ ಬೆರಳಿನ ಬಿಸಿಯನ್ನು ನಾನು ಬ್ರೇಕಿನ ಒಂದು ಭಾಗವೆಂದೇ ಎಣಿಸುತ್ತೇನೆ.

ಆ ವರ್ಷವೇ ಹೀಟೆಡ್ ಗ್ರಿಪ್, ಅಂದರೆ ಕರೆಂಟಿನಿಂದ ಬಿಸಿಯಾಗುವ ಹ್ಯಾಂಡಲ್ ಹಿಡಿ, ಹಾಕಿಸಿದೆ, ಆದರೆ ತಪ್ಪಾಗಿ ಹಾಕಿಸಿದೆ. ಮರುವರ್ಷ ಎಲ್ಲವನ್ನೂ ಬಿಚ್ಚಿಸಿ ಸರಿಯಾಗಿ ಮಾಡಿಸಿದೆ. ಎರಡರಿಂದಲೂ ಕಲಿತದ್ದನ್ನು, ಕೆಲಸ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಮೊದಲು ಗಾಳಿಯನ್ನು ತಡೆಯಿರಿ

ಚಿಕ್ಕಮಗಳೂರು ಸಮುದ್ರಮಟ್ಟದಿಂದ 1,000 ಮೀಟರಿಗೂ ಮೇಲಿದೆ. ಹಾಗಿದ್ದರೂ ಉಷ್ಣಮಾಪಕ ನೋಡಿ ಹೇಳುವುದಾದರೆ ನಮ್ಮ ಮಾಗಿ ಚಳಿ ಅಂಥ ದೊಡ್ಡದಲ್ಲ. ಸ್ಕೂಟರಿನ ಮೇಲೆ ಕೂತವರನ್ನು ಹಿಂಡುವುದು ಗಾಳಿ. ಹವೆ 10 ಡಿಗ್ರಿ ಸೆಲ್ಸಿಯಸ್ ಇರುವಾಗ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬಡಿದರೆ ಬರಿಯ ಚರ್ಮಕ್ಕೆ ಅದು 6 ಡಿಗ್ರಿಯಂತೆ ಅನ್ನಿಸುತ್ತದೆ. ಇಬ್ಬನಿಗೆ ಕೈಗವಸು ಒದ್ದೆಯಾದರೆ ಇನ್ನೂ ಕಷ್ಟ, ಏಕೆಂದರೆ ನೀರು ಆರುತ್ತ ಆರುತ್ತ ಕೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ಹಳ್ಳದ ಸೇತುವೆ ಹತ್ತಿರವಾದಂತೆ ಚಳಿ ತಟ್ಟನೆ ಏರುವುದನ್ನು ಈ ರಸ್ತೆಗಳಲ್ಲಿ ಓಡಾಡುವವರೆಲ್ಲ ಬಲ್ಲರು. ಮೋಡವಿಲ್ಲದ ರಾತ್ರಿಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಮಡುಗಟ್ಟುತ್ತದೆ. ಕೈಮರ ಚೆಕ್‌ಪೋಸ್ಟಿನಿಂದ ಮೇಲೆ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆ ಹತ್ತುವವರಿಗೆ ಎತ್ತರ ಏರಿದಂತೆಲ್ಲ ಚಳಿಯೂ ಏರುತ್ತದೆ. ಹಾಸನ, ಬೇಲೂರಿನ ಕಡೆಯ ಬಯಲು ರಸ್ತೆಗಳಲ್ಲಿ ಮರದ ಮರೆ ಕಡಿಮೆ, ಅಲ್ಲಿ ಅಡ್ಡಗಾಳಿಯದೇ ಕಾಟ.

ಹೀಟೆಡ್ ಗ್ರಿಪ್ ಬಿಸಿ ಮಾಡುವುದು ಅಂಗೈಯನ್ನು. ಗಾಳಿ ಬಡಿಯುವುದು ಕೈಯ ಹಿಂಬದಿಗೆ, ಬೆರಳ ಗೆಣ್ಣುಗಳಿಗೆ. ಹಿಂದಿನಿಂದ ಗಾಳಿ ಕೊರೆಯುತ್ತಿದ್ದರೆ ಮುಂದಿನಿಂದ ಎಷ್ಟು ಕಾಯಿಸಿದರೂ ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಆದ್ದರಿಂದ ಮೊದಲ ಖರ್ಚು ಹ್ಯಾಂಡಲ್ ಮಫ್‌ಗೆ ಆಗಲಿ. ಉತ್ತರ ಭಾರತದಲ್ಲಿ ಚಳಿಗಾಲ ಬಂದರೆ ದ್ವಿಚಕ್ರ ವಾಹನಗಳ ಹ್ಯಾಂಡಲಿಗೆ ಚೀಲದಂಥ ದಪ್ಪ ಕವಚ ಹಾಕಿರುವುದನ್ನು ನೋಡಿರುತ್ತೀರಿ, ಅದೇ ಇದು. ಹಾಕಿದ ಮೇಲೆ ಗಾಡಿ ನಿಲ್ಲಿಸಿಯೇ ಹತ್ತಾರು ಬಾರಿ ಕೈ ಒಳಗಿಟ್ಟು ಹೊರತೆಗೆದು ಅಭ್ಯಾಸ ಮಾಡಿ. ಇಂಡಿಕೇಟರ್ ಮತ್ತು ಹಾರ್ನ್ ನೋಡದೆಯೇ ಬೆರಳಿಗೆ ಸಿಗಬೇಕು. ಮಫ್‌ನ ಅಂಚು ಬ್ರೇಕ್ ಲಿವರನ್ನು ಒತ್ತುತ್ತಿರಬಾರದು.

ಕೈಗವಸು ಕೊಳ್ಳುವಾಗ ಅಂಗೈ ಭಾಗ ತೆಳುವಾಗಿಯೂ ಹಿಂಬದಿ ಗಾಳಿ ನುಗ್ಗದಂತೆಯೂ ಇರುವುದನ್ನು ಆರಿಸಿ. ಅಂಗೈಗೂ ದಪ್ಪ ಸ್ಪಂಜಿದ್ದರೆ ಗ್ರಿಪ್‌ನ ಬಿಸಿ ಚರ್ಮದವರೆಗೆ ಬರುವುದೇ ಇಲ್ಲ. ಬಿಗಿಯಾದದ್ದಂತೂ ಬೇಡ, ರಕ್ತ ಓಡಲು ಜಾಗ ಬೇಕು.

ಕೈ ತಣ್ಣಗಾಗಲು ಎದೆಯೂ ಕಾರಣವೆಂಬುದು ಹಲವರ ಗಮನಕ್ಕೆ ಬರುವುದಿಲ್ಲ. ಎದೆ, ಕುತ್ತಿಗೆ ತಣ್ಣಗಾದರೆ ದೇಹವು ಒಳಗಿನ ಅಂಗಗಳ ಶಾಖ ಉಳಿಸಿಕೊಳ್ಳಲು ಬೆರಳ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಮಫ್ಲರನ್ನು ಕೊರಳಿಗೆ ಸರಿಯಾಗಿ ಸುತ್ತಿ, ಜಾಕೆಟಿನೊಳಗೆ ಎದೆಗೆ ನಾಲ್ಕು ಪದರ ಹಳೆಯ ಪತ್ರಿಕೆ ಇಟ್ಟುಕೊಂಡು ಒಂದು ದಿನ ಹೋಗಿ ನೋಡಿ, ಬೆರಳಿಗೇ ವ್ಯತ್ಯಾಸ ತಿಳಿಯುತ್ತದೆ. ಐದು-ಆರು ಕಿ.ಮೀ. ಓಡಾಡುವವರಿಗೆ ಇಷ್ಟೇ ಸಾಕು, ಗ್ರಿಪ್‌ನ ಹಣ ಉಳಿಯಿತು.

ಬ್ಯಾಟರಿ ಬೇಗ ಖಾಲಿಯಾಗುತ್ತದೆಯೇ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಲೆಕ್ಕ ಹಾಕೋಣ. ಮಾರುಕಟ್ಟೆಯ ಒಂದು ಜೊತೆ ಗ್ರಿಪ್ 12 ವೋಲ್ಟಿನಲ್ಲಿ, ಪೂರ್ತಿ ಬಿಸಿಯಲ್ಲಿ ಸಾಮಾನ್ಯವಾಗಿ 3ರಿಂದ 4 ಆಂಪಿಯರ್ ಎಳೆಯುತ್ತದೆ. ನನ್ನದು 3 ಆಂಪಿಯರ್, ಅಂದರೆ 36 ವ್ಯಾಟ್. 40 ನಿಮಿಷದ ದಾರಿಗೆ 24 ವ್ಯಾಟ್-ಅವರ್ (ಒಂದು ವ್ಯಾಟ್ ಒಂದು ಗಂಟೆ ನಡೆದರೆ ಒಂದು ವ್ಯಾಟ್-ಅವರ್), ಕನ್ವರ್ಟರಿನಲ್ಲಿ ಸೋರುವುದನ್ನೂ ಸೇರಿಸಿದರೆ 27 ಎಂದುಕೊಳ್ಳಿ. ನನ್ನ ಸ್ಕೂಟರ್ ಒಂದು ಕಿ.ಮೀ. ಓಡಲು ಸುಮಾರು 30 ವ್ಯಾಟ್-ಅವರ್ ಬಳಸುತ್ತದೆ. ಅಲ್ಲಿಗೆ, ಇಡೀ ದಾರಿ ಪೂರ್ತಿ ಬಿಸಿಯಲ್ಲಿಟ್ಟರೂ ಕಳೆದುಕೊಳ್ಳುವುದು ಒಂದು ಕಿ.ಮೀ.ಗಿಂತ ಕಡಿಮೆ. ಒಂದು ಯೂನಿಟ್ ಎಂದರೆ 1,000 ವ್ಯಾಟ್-ಅವರ್, ಹಾಗಾಗಿ ನೂರು ಬೆಳಗುಗಳ ಬಿಸಿಗೆ ಸುಮಾರು ಮೂರು ಯೂನಿಟ್ ಕರೆಂಟ್. ಏರು ರಸ್ತೆಯಲ್ಲಿ ಒಮ್ಮೆ ಜೋರಾಗಿ ಆಕ್ಸಿಲರೇಟರ್ ತಿರುಗಿಸುವ ನಾವು ಇದಕ್ಕೆ ಹೆದರಬೇಕಾಗಿಲ್ಲ.

ಹೆದರಬೇಕಾದದ್ದು ಬೇರೆಡೆ ಇದೆ. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ತಿರುಗುತ್ತಿರುವಷ್ಟು ಹೊತ್ತೂ ವಿದ್ಯುತ್ ಹುಟ್ಟುತ್ತಿರುತ್ತದೆ. ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಇರುವುದು ಸಾಮಾನ್ಯವಾಗಿ 48ರಿಂದ 72 ವೋಲ್ಟಿನ ದೊಡ್ಡ ಬ್ಯಾಟರಿ, ಮತ್ತು ಅದನ್ನು 12 ವೋಲ್ಟಿಗೆ ಇಳಿಸುವ ಒಂದು ಸಣ್ಣ ಡಿಸಿ-ಡಿಸಿ ಕನ್ವರ್ಟರ್. ಹೆಡ್‌ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್ ಎಲ್ಲವೂ ಉಣ್ಣುವುದು ಆ ಒಂದೇ ತಟ್ಟೆಯಲ್ಲಿ. ಕನ್ವರ್ಟರ್ 10 ಆಂಪಿಯರಿನದಾದರೆ ಒಟ್ಟು 120 ವ್ಯಾಟ್ ಕೊಡಬಲ್ಲದು. ದೀಪ, ಹಾರ್ನುಗಳಿಗೆ ಹೋಗಿ ಉಳಿದದ್ದರಲ್ಲಿ ಗ್ರಿಪ್‌ಗೆ ಜಾಗವಿರುತ್ತದೆ. 5 ಆಂಪಿಯರಿನದಾದರೆ ಇರುವುದೇ 60 ವ್ಯಾಟ್, ಅದರ ಮೇಲೆ 36 ವ್ಯಾಟ್ ಹೇರುವುದು ಬೇಡವೇ ಬೇಡ. ಕನ್ವರ್ಟರಿನ ಮೈಮೇಲೆ ಆಂಪಿಯರ್ ಬರೆದಿರುತ್ತದೆ. ಸಿಗದಿದ್ದರೆ ಸರ್ವಿಸ್ ಕೇಂದ್ರದಲ್ಲಿ ಕೇಳಿ. ಹಾಗೆಯೇ ವೈರಿಂಗ್ ಮುಟ್ಟಿದರೆ ವಾರಂಟಿ ಉಳಿಯುತ್ತದೆಯೇ ಎಂಬುದನ್ನೂ ಅಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕನ್ವರ್ಟರ್ ಸಣ್ಣದಿದ್ದರೆ, ಅಥವಾ ವಾರಂಟಿ ಕಳೆದುಕೊಳ್ಳುವ ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿಯಿದೆ: ಗ್ರಿಪ್‌ನ ಮೇಲೆಯೇ ಸುತ್ತಿ ಅಂಟಿಸುವ, ಯುಎಸ್‌ಬಿಯಿಂದ ನಡೆಯುವ ಹೀಟರ್ ಪಟ್ಟಿ. 5 ವೋಲ್ಟ್, 2 ಆಂಪಿಯರ್ ಎಂದರೆ 10 ವ್ಯಾಟ್, ಕೈಗೆ ಐದೈದು. ಬರಿಗಾಳಿಯಲ್ಲಿ ಇದು ಏನೇನೂ ಸಾಲದು. ಮಫ್‌ನೊಳಗಾದರೆ ನಮ್ಮ ಚಳಿಗೆ ಸಾಕಾಗುತ್ತದೆ. ಪಟ್ಟಿ ಸುತ್ತಿದ ಮೇಲೆ ಗ್ರಿಪ್ ದಪ್ಪವಾಗುವುದರಿಂದ ಸಣ್ಣ ಕೈಯವರಿಗೆ ಬ್ರೇಕ್ ಲಿವರ್ ದೂರವಾದಂತೆ ಅನ್ನಿಸಬಹುದು. ಅದನ್ನು ಗಾಡಿ ಓಡಿಸುವ ಮೊದಲೇ ನೋಡಿಕೊಳ್ಳಿ.

ಕೊಳ್ಳುವಾಗ

ನಮ್ಮ ಹೆಚ್ಚಿನ ಸ್ಕೂಟರ್‌ಗಳ ಹ್ಯಾಂಡಲ್ ಕೊಳವೆಯ ಹೊರವ್ಯಾಸ 22 ಮಿ.ಮೀ. ಬಲಗಡೆ ಅದರ ಮೇಲೆ ಆಕ್ಸಿಲರೇಟರಿನ ಪ್ಲಾಸ್ಟಿಕ್ ಕೊಳವೆ ಇರುವುದರಿಂದ ಬಲ ಗ್ರಿಪ್‌ನ ಒಳವ್ಯಾಸ ಹೆಚ್ಚು. ಹಳೆಯ ಗ್ರಿಪ್‌ನ ಉದ್ದವನ್ನು ಅಳತೆಪಟ್ಟಿಯಿಂದ ಅಳೆದುಕೊಂಡೇ ಅಂಗಡಿಗೆ ಹೋಗಿ. ಬಿಸಿಯ ಹಂತ ಬದಲಿಸುವ ಸ್ವಿಚ್ ಇರಲಿ, ಆನ್-ಆಫ್ ಮಾತ್ರ ಇರುವುದು ಬೇಡ.

ಮನೆಗೆ ತಂದ ಕೂಡಲೇ ಮಲ್ಟಿಮೀಟರಿನಿಂದ ಎರಡೂ ಗ್ರಿಪ್‌ಗಳ ರೋಧ ಅಳೆಯಿರಿ. ಜೊತೆಗೆ 36 ವ್ಯಾಟ್ ಎಂದರೆ ಒಂದಕ್ಕೆ 18, ಅಂಥ ಗ್ರಿಪ್ ಸುಮಾರು 8 ಓಮ್ ತೋರಿಸಬೇಕು. ಒಂದು 8 ತೋರಿಸಿ ಇನ್ನೊಂದು 3 ತೋರಿಸಿದರೆ ಅದನ್ನು ಹಾಕದೆ ಹಿಂದಿರುಗಿಸಿ.

ಕೂರಿಸುವ ಕೆಲಸ

ನನ್ನ ಮೊದಲ ಅನುಭವವನ್ನು ಹೇಳಿಯೇ ಮುಂದುವರಿಯುತ್ತೇನೆ. ರಸ್ತೆಬದಿಯ ವರ್ಕ್‌ಶಾಪಿನವರು ಹೆಡ್‌ಲೈಟಿನ ವೈರ್ ಸುಲಿದು, ಗ್ರಿಪ್‌ನ ವೈರನ್ನು ಅದಕ್ಕೆ ತಿರುಚಿ ಟೇಪ್ ಸುತ್ತಿ ಕೊಟ್ಟರು. ಹತ್ತೇ ನಿಮಿಷದ ಕೆಲಸ. ಒಂದು ವಾರ ಕೈ ಹಾಯಾಗಿತ್ತು. ಎಂಟನೆಯ ದಿನ ದಟ್ಟ ಮಂಜಿನ ನಡುವೆ ಹೆಡ್‌ಲೈಟ್ ಮಿಣುಕಿ ಆರಿಹೋಯಿತು. ಎದುರಿನಿಂದ ಬರುವ ಜೀಪಿಗೆ ನಾನು ಕಾಣುವುದಿಲ್ಲವೆಂಬ ಭಯದಲ್ಲಿ ಗಾಡಿಯನ್ನು ರಸ್ತೆಯಿಂದ ಕೆಳಗಿಳಿಸಿ, ಬೆಳಕು ಹರಿಯುವವರೆಗೆ ತೋಟದ ಬೇಲಿಗೆ ಒರಗಿ ನಿಂತಿದ್ದೆ. ಬಿಚ್ಚಿ ನೋಡಿದಾಗ ತಿರುಚಿದ ಜಾಗದಲ್ಲಿ ವೈರಿನ ಮೇಲ್ಪದರ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ದೀಪಕ್ಕೆ ಸಾಲುವಷ್ಟೇ ತೆಳುವಾದ ವೈರಿನಲ್ಲಿ ಹೀಟರಿನ ಕರೆಂಟನ್ನೂ ಹರಿಸಿದ್ದರ ಫಲ ಅದು. ಹೆಡ್‌ಲೈಟಿನ ವೈರಿನಿಂದ ಗ್ರಿಪ್‌ಗೆ ಕರೆಂಟ್ ತೆಗೆಯಲು ಯಾರಿಗೂ ಬಿಡಬೇಡಿ, ಎಷ್ಟೇ ಪರಿಚಯದ ಮೆಕ್ಯಾನಿಕ್ ಆಗಿರಲಿ.

ಸರಿಯಾದ ಕ್ರಮ ಹೀಗಿದೆ. ಕೀ ತೆಗೆದು, ಬ್ಯಾಟರಿಯ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇದ್ದರೆ ಅದನ್ನೂ ಇಳಿಸಿ ಕೆಲಸ ಆರಂಭಿಸಿ. ಹ್ಯಾಂಡಲಿನ ತುದಿಯ ತೂಕದ ಸ್ಕ್ರೂ ಬಿಚ್ಚಿ, ಹಳೆಯ ಗ್ರಿಪ್ ಒಳಗೆ ಸೋಪಿನ ನೀರು ಬಿಟ್ಟು ತಿರುಗಿಸುತ್ತ ಎಳೆಯಿರಿ. ಬಾರದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಆದರೆ ಬಲಗಡೆ ಪ್ಲಾಸ್ಟಿಕ್ ಕೊಳವೆಗೆ ಬ್ಲೇಡ್ ತಾಗದಂತೆ ನೋಡಿಕೊಳ್ಳಿ. ಎಣ್ಣೆ, ಗ್ರೀಸ್ ಹಚ್ಚಲೇಬೇಡಿ, ಆಮೇಲೆ ಹೊಸ ಗ್ರಿಪ್ ನಿಲ್ಲುವುದಿಲ್ಲ. ಸ್ಪಿರಿಟ್ (ಆಲ್ಕೋಹಾಲ್) ಬಟ್ಟೆಗೆ ಹಾಕಿ ಕೊಳವೆಯನ್ನು ಒರೆಸಿದರೆ ಜಿಡ್ಡು ಹೋಗುತ್ತದೆ.

ಎಡ ಗ್ರಿಪ್ ಲೋಹದ ಮೇಲೆ ನೇರವಾಗಿ ಕೂರುವುದರಿಂದ ಅದರ ಬಿಸಿಯ ಒಂದು ಪಾಲನ್ನು ಹ್ಯಾಂಡಲ್ ಕುಡಿದುಬಿಡುತ್ತದೆ. ಬಲಕ್ಕೆ ಪ್ಲಾಸ್ಟಿಕ್ ಅಡ್ಡವಿದೆ. ಎಡಗೈ ಸ್ವಲ್ಪ ತಣ್ಣಗಿರುವುದು ಹೀಗಾಗಿಯೇ ಹೊರತು ಗ್ರಿಪ್‌ನ ದೋಷದಿಂದಲ್ಲ. ಅಳತೆಗೆ ಅವಕಾಶವಿದ್ದರೆ ಎಡಗಡೆಯ ಲೋಹದ ಮೇಲೆ ಹೀಟ್ ಶ್ರಿಂಕ್ ಸ್ಲೀವಿನ (ಕಾಯಿಸಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆಯ) ಒಂದು ತೆಳು ಪದರ ಹಾಕಿ, ಅದರ ಮೇಲೆ ಗ್ರಿಪ್ ಏರಿಸಿ.

ಅಂಟನ್ನು ತೆಳುವಾಗಿ, ಒಳಭಾಗಕ್ಕೆ ಮಾತ್ರ ಹಚ್ಚಿ. ಬಲಗಡೆ ಹೆಚ್ಚಾದ ಅಂಟು ಪ್ಲಾಸ್ಟಿಕ್ ಕೊಳವೆಯ ಅಂಚಿನಿಂದ ಇಳಿದು ಒಳಗಿನ ಲೋಹಕ್ಕೆ ಅಂಟಿಕೊಂಡರೆ ಆಕ್ಸಿಲರೇಟರ್ ಹಿಡಿದುಕೊಳ್ಳುತ್ತದೆ. ಗ್ರಿಪ್‌ಗೂ ಸ್ವಿಚ್ ಪೆಟ್ಟಿಗೆಗೂ ನಡುವೆ 2-3 ಮಿ.ಮೀ. ಸಂದು ಬಿಡಿ. ಒಂದು ಇಡೀ ದಿನ ಒಣಗಲು ಬಿಟ್ಟು, ಆಮೇಲೆಯೇ ಬಿಸಿ ಮಾಡಿ.

ಇನ್ನು ವೈರಿಂಗ್. ಕರೆಂಟನ್ನು ಕನ್ವರ್ಟರಿನ 12 ವೋಲ್ಟ್ ಕಡೆಯಿಂದ ಪ್ರತ್ಯೇಕ ವೈರಿನಲ್ಲಿ ತರಬೇಕು. 1 ಚದರ ಮಿ.ಮೀ. ತಾಮ್ರದ ವೈರ್ ಸಾಕು. ಕನ್ವರ್ಟರಿಗೆ ಆದಷ್ಟು ಹತ್ತಿರದಲ್ಲೇ 5 ಆಂಪಿಯರ್ ಫ್ಯೂಸ್ ಹಾಕಿ. ನಡುವೆ ಒಂದು 12 ವೋಲ್ಟ್ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್-ಆಫ್ ಮಾಡುವ ಸ್ವಿಚ್, ಇರಲಿ. ಅದರ ಕಾಲುಗಳಿಗೆ ಸಂಖ್ಯೆಗಳಿರುತ್ತವೆ: ಫ್ಯೂಸಿನಿಂದ ಬಂದ ವೈರ್ 30ನೆಯ ಕಾಲಿಗೆ, ಗ್ರಿಪ್‌ಗೆ ಹೋಗುವುದು 87ಕ್ಕೆ, ಕೀ ತಿರುಗಿಸಿದಾಗ ಮಾತ್ರ 12 ವೋಲ್ಟ್ ಬರುವ ವೈರ್ 86ಕ್ಕೆ, 85 ನೆಗೆಟಿವ್‌ಗೆ. ಆಗ ನೀವು ಮರೆತರೂ ಕೀ ತೆಗೆದ ಕೂಡಲೇ ಗ್ರಿಪ್ ಆರುತ್ತದೆ. ಕೆಲವು ಸ್ಕೂಟರ್‌ಗಳಲ್ಲಿ ದೀಪಗಳಿಗೆಂದು ಪ್ರತ್ಯೇಕ ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ. ರಾತ್ರಿಯಿಡೀ ಗ್ರಿಪ್ ಉರಿದು ಅದು ಖಾಲಿಯಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಬೆಳಿಗ್ಗೆ ಗಾಡಿ ಏಳದೇ ಇರಬಹುದು.

ಮಾಡಬಾರದ ಮೂರು ಕೆಲಸಗಳಿವೆ. ದೊಡ್ಡ ಬ್ಯಾಟರಿಯ ಸರಣಿಯ ನಡುವಿನಿಂದ 12 ವೋಲ್ಟ್ ಕದಿಯಬೇಡಿ. ಆ ಭಾಗದ ಸೆಲ್‌ಗಳು ಮಾತ್ರ ಬೇಗ ಇಳಿದು ಇಡೀ ಪ್ಯಾಕಿನ ಸಮತೋಲ ಕೆಡುತ್ತದೆ, ಲಿಥಿಯಂ ಬ್ಯಾಟರಿಯಲ್ಲಿ ಇದು ಬೆಂಕಿಗೂ ದಾರಿಯಾಗಬಹುದು. ಆಕ್ಸಿಲರೇಟರಿನಿಂದ ಬರುವ ತೆಳು ವೈರ್‌ಗಳನ್ನು ಮುಟ್ಟಬೇಡಿ. ಅವು ಮೋಟರಿಗೆ ವೇಗ ಹೇಳುವ ಸಂಕೇತದ ವೈರ್‌ಗಳು. ಮತ್ತು ಗ್ರಿಪ್‌ಗೆಂದೇ ಎರಡನೆಯ ಕನ್ವರ್ಟರ್ ಹಾಕಿಸುವುದಾದರೆ ಅದರ 60 ಅಥವಾ 72 ವೋಲ್ಟ್ ಕಡೆಗೆ ಕಾರಿನ ಸಾಮಾನ್ಯ ಬ್ಲೇಡ್ ಫ್ಯೂಸ್ ಬಳಸಬೇಡಿ. ಅದನ್ನು ತಯಾರಿಸಿರುವುದು 32 ವೋಲ್ಟ್‌ವರೆಗೆ ಮಾತ್ರ. ಹೆಚ್ಚಿನ ಡಿಸಿ ವೋಲ್ಟೇಜಿನಲ್ಲಿ ಫ್ಯೂಸಿನ ತಂತಿ ಕರಗಿದ ಮೇಲೂ ಕಿಡಿ ನಿಲ್ಲದೆ ಹರಿಯಬಲ್ಲದು. ಆ ಕಡೆಯ ಕೆಲಸವನ್ನು ಎಲೆಕ್ಟ್ರಿಕ್ ವಾಹನ ರಿಪೇರಿಯಲ್ಲಿ ತರಬೇತಿ ಇರುವವರಿಗೇ ಬಿಡಿ.

ಜೋಡಣೆಗಳನ್ನು ಬೆಸುಗೆ ಹಾಕಿ ಹೀಟ್ ಶ್ರಿಂಕ್ ಸ್ಲೀವ್ ಮುಚ್ಚಿ. ಮಲೆನಾಡಿನ ಮಳೆಗೆ ಬರಿಯ ಟೇಪ್ ನಿಲ್ಲುವುದಿಲ್ಲ. ಕನೆಕ್ಟರಿನ ಬಳಿ ವೈರನ್ನು ಒಮ್ಮೆ ಕೆಳಗೆ ಬಾಗಿಸಿ ಮೇಲೆ ತಂದರೆ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ರಸ್ತೆಗಿಳಿಯುವ ಮುನ್ನ

ಇಲ್ಲಿ ಅವಸರ ಮಾಡಬೇಡಿ. ಕೀ ಆಫ್ ಇರುವಾಗ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಮತ್ತೆ ನೇರಕ್ಕೆ ತಿರುಗಿಸಿ, ಪ್ರತಿ ಬಾರಿಯೂ ಆಕ್ಸಿಲರೇಟರನ್ನು ಕೊನೆಯವರೆಗೆ ತಿರುವಿ ಬಿಟ್ಟುಬಿಡಿ. ಅದು ಟಪ್ಪನೆ ತಾನಾಗಿ ಹಿಂದೆ ಬರಬೇಕು. ನಿಧಾನವಾಗಿ ಬಂದರೂ ಸರಿಯಿಲ್ಲವೆಂದೇ ಅರ್ಥ. ಗ್ರಿಪ್‌ನಿಂದ ಹೊರಬರುವ ವೈರ್ ಬ್ರೇಕ್ ಲಿವರಿಗಾಗಲಿ ಪೆಟ್ಟಿಗೆಯ ಅಂಚಿಗಾಗಲಿ ತಾಗುತ್ತಿದ್ದರೆ ಗ್ರಿಪ್ ತೆಗೆದು ಬೇರೆ ಕೋನದಲ್ಲಿ ಕೂರಿಸಿ. ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ ಸದ್ದಿನ ಮುನ್ಸೂಚನೆ ಇರುವುದಿಲ್ಲ. ಆಕ್ಸಿಲರೇಟರ್ ಸಿಕ್ಕಿಕೊಂಡದ್ದು ತಿಳಿಯುವಷ್ಟರಲ್ಲಿ ಗಾಡಿ ಓಡಿರುತ್ತದೆ. ಅಂಗಳದಲ್ಲಿ ಮಕ್ಕಳಿರುವ ಮನೆಗಳಲ್ಲಿ ಈ ಪರೀಕ್ಷೆಯನ್ನು ಎರಡು ಸಲ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಮುಂದೆ ಕೀ ಆನ್ ಮಾಡಿ, ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್ ಎಲ್ಲವನ್ನೂ ಒಟ್ಟಿಗೆ ಬಳಸುತ್ತ ಗ್ರಿಪ್ ಪೂರ್ತಿ ಬಿಸಿಗೆ ಏರಿಸಿ. ಕನ್ವರ್ಟರಿನ ವೋಲ್ಟೇಜ್ 12ಕ್ಕಿಂತ ಕೆಳಗೆ ಕುಸಿದರೆ, ಅಥವಾ ಬೆಳಕು ಮಂಕಾದರೆ ಆ ಕನ್ವರ್ಟರಿಗೆ ಈ ಹೊರೆ ಹೆಚ್ಚು. ಹತ್ತು ನಿಮಿಷದ ಬಳಿಕ ಎಲ್ಲ ಜೋಡಣೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಿ. ಬಿಸಿ ಇರಬೇಕಾದದ್ದು ಗ್ರಿಪ್‌ನಲ್ಲಿ ಮಾತ್ರ.

ದಿನದ ಬಳಕೆ

ಕೈ ತಣ್ಣಗಾದ ಮೇಲೆ ಹಚ್ಚುವುದಲ್ಲ, ಹೊರಡುವಾಗಲೇ ಹಚ್ಚಿ. ಗ್ರಿಪ್ ಕಾಯಲು ಕೆಲವು ನಿಮಿಷ ಬೇಕು, ಹೆಲ್ಮೆಟ್ ಕಟ್ಟಿಕೊಂಡು ಗೇಟು ಮುಚ್ಚುವಷ್ಟರಲ್ಲಿ ಅದು ಸಿದ್ಧವಾಗುತ್ತಿರುತ್ತದೆ. ಊರು ದಾಟಿದ ಮೇಲೆ ಒಂದು ಹಂತ ಇಳಿಸಿ. ಅಂಗೈ ಬೆವರಿದರೆ ಆ ತೇವವೇ ಮತ್ತೆ ಚಳಿ ತರುತ್ತದೆ.

ಮಧುಮೇಹದಿಂದ ಕೈಯ ಸ್ಪರ್ಶಜ್ಞಾನ ಕಡಿಮೆಯಾಗಿರುವವರು ಕೆಳಗಿನ ಹಂತದಲ್ಲೇ ಇಟ್ಟುಕೊಳ್ಳಬೇಕು. 44 ಡಿಗ್ರಿಯಂಥ ಸಾಧಾರಣ ಬಿಸಿಯೂ ಗಂಟೆಗಟ್ಟಲೆ ಚರ್ಮಕ್ಕೆ ತಾಗಿಕೊಂಡಿದ್ದರೆ ಸುಡಬಲ್ಲದು, ನೋವು ತಿಳಿಯದವರಿಗೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುತ್ತದೆ. ಚಳಿಗೆ ಬೆರಳು ಸುಣ್ಣದಂತೆ ಬಿಳಿಚಿ, ಆಮೇಲೆ ನೀಲಿಗಟ್ಟುವ ಸ್ವಭಾವ ನಿಮ್ಮದಾದರೆ ವೈದ್ಯರಿಗೆ ತೋರಿಸಿ, ಅದು ಚಳಿಯೊಂದರ ತೊಂದರೆಯಾಗಿರಲಾರದು. ಮರಗಟ್ಟಿದ ಕೈಯನ್ನು ನೇರ ಬೆಂಕಿಗೆ ಹಿಡಿಯುವುದೂ ಬೇಡ. ಒಂದೆರಡು ನಿಮಿಷ ಕಂಕುಳಲ್ಲಿಟ್ಟುಕೊಂಡು, ಬೆರಳು ಬಗ್ಗುವಂತಾದ ಮೇಲೆ ಒಲೆಯ ಬಳಿ ಹೋಗಿ.

ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ಲಿನವರ ಲೆಕ್ಕ ಬೇರೆ. 36 ವೋಲ್ಟ್, 7.5 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವುದೇ 270 ವ್ಯಾಟ್-ಅವರ್. ಅದರಲ್ಲಿ ಮೇಲೆ ಲೆಕ್ಕ ಹಾಕಿದ 40 ನಿಮಿಷದ 27 ವ್ಯಾಟ್-ಅವರ್ ಎಂದರೆ ಹತ್ತರಲ್ಲಿ ಒಂದು ಪಾಲು ಕೈಗೇ ಹೋಯಿತು. ಅವರಿಗೆ ಮಫ್ ಮತ್ತು ಒಳ್ಳೆಯ ಕೈಗವಸೇ ಸರಿ. ಪೆಡಲ್ ತುಳಿದರೆ ಮೈಯೂ ಕಾಯುತ್ತದೆ.

ತಿಂಗಳಿಗೊಮ್ಮೆ ಫ್ಯೂಸ್ ಹೋಲ್ಡರ್ ತೆರೆದು ಹಸಿರುಗಟ್ಟಿದೆಯೇ ನೋಡುತ್ತೇನೆ, ಆಕ್ಸಿಲರೇಟರಿನ ಪರೀಕ್ಷೆಯನ್ನು ಪ್ರತಿ ಸೋಮವಾರ ಮಾಡುತ್ತೇನೆ. ಗಾಡಿ ತೊಳೆಯುವಾಗ ಪ್ರೆಷರ್ ಪೈಪನ್ನು ಹ್ಯಾಂಡಲಿನ ಕಡೆ ಹಿಡಿಯಲು ಬಿಡುವುದಿಲ್ಲ. ರೊಬಸ್ಟಾ ಕೊಯ್ಲು ಮುಗಿಯುತ್ತ ಬಂದು ಬಿಸಿಲು ಬಲಿತಾಗ ಮಫ್ ಬಿಚ್ಚಿ ತೊಳೆದು ನೆರಳಲ್ಲಿ ಒಣಗಿಸಿ ಎತ್ತಿಡುತ್ತೇನೆ. ಗ್ರಿಪ್ ಮಾತ್ರ ಅಲ್ಲೇ ಇರುತ್ತದೆ. ಜುಲೈ ಮಳೆಯಲ್ಲಿ, ರೈನ್‌ಕೋಟಿನ ತೋಳಿನಿಂದ ನೀರು ಕೈಗವಸಿನೊಳಗೆ ಇಳಿಯುವ ದಿನಗಳಲ್ಲಿ, ಅದರ ಮೊದಲ ಹಂತದ ಬಿಸಿಯೇ ಸಾಕಾಗುತ್ತದೆ.